ಪಿಯಾಜೆಯ ನೀರಿನ ಲೋಟ, ಎರಿಕ್‌ಸನ್‌ರ ವಯಸ್ಸಿನ ಪಟ್ಟಿ: ಪ್ರಾಯೋಗಿಕ ವರದಿಗೆ ಮೂರು ಗೊಂದಲ

ಹೊಸಚಿಗುರು:
ಎಲ್ಲರಿಗೂ ನಮಸ್ಕಾರ. ಬಿ.ಎಡ್. ಪ್ರಾಯೋಗಿಕ ವರದಿಗೆ ಎರಡು ಕೆಲಸ ಇದೆ. 5ರಿಂದ 9 ವರ್ಷದ ಆರು ಮಕ್ಕಳಿಗೆ ಮನೋವಿಜ್ಞಾನಿ ಪಿಯಾಜೆಯ ಸಂರಕ್ಷಣೆ ಪ್ರಯೋಗ ಕೊಡಬೇಕು, ಅಂದರೆ ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಎಂಬುದು ಮಗುವಿಗೆ ತಿಳಿದಿದೆಯೇ ಎಂದು ನೋಡಬೇಕು. ಆಮೇಲೆ 65 ದಾಟಿದ ಒಬ್ಬರನ್ನು ಸಂದರ್ಶಿಸಿ ಎರಿಕ್‌ಸನ್ ಹೇಳಿದ ಬದುಕಿನ ಎಂಟು ಹಂತಗಳಲ್ಲಿ ಕೊನೆಯದಾದ ಎಂಟನೇ ಹಂತದ (ಇಳಿವಯಸ್ಸಿನ ಸಮಗ್ರತೆ ಮತ್ತು ಹತಾಶೆ) ಬೆಳಕಿನಲ್ಲಿ ಬರೆಯಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ನೀರನ್ನು ಸಪೂರ ಲೋಟಕ್ಕೆ ಸುರಿದ ಮೇಲೆ ಒಂದು ಮಗು "ಅಷ್ಟೇ ಇದೆ" ಅಂತು. ಯಾಕೆ ಅಂದರೆ "ಗೊತ್ತಿಲ್ಲ". ಇನ್ನೊಂದು ಮಗು ಮೊದಲು ಸರಿ ಹೇಳಿ, ಮತ್ತೆ ಕೇಳಿದಾಗ ಉತ್ತರ ಬದಲಾಯಿಸಿತು. ಇವರನ್ನು ಹೇಗೆ ವರ್ಗೀಕರಿಸುವುದು?

ಎರಡು, ಎರಿಕ್‌ಸನ್‌ರ ಹಂತಗಳಿಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ವಯಸ್ಸು ಕೊಟ್ಟಿದ್ದಾರೆ. ಯಾವುದು ಸರಿ?

ಮೂರು, ವಯಸ್ಸಾದಂತೆ ಬುದ್ಧಿಶಕ್ತಿ ಕುಗ್ಗುತ್ತದೆ ಎಂದು ವರದಿಯಲ್ಲಿ ಬರೆಯಬಹುದಾ?

ಮಣ್ಣಿನುಂಡೆ:
ಮೊದಲನೆಯದಕ್ಕೆ ಉತ್ತರಿಸುತ್ತೇನೆ. ವರ್ಗೀಕರಣದ ಗೊಂದಲ ಬಹಳಷ್ಟು ಸಲ ಪ್ರಯೋಗ ಮಾಡಿದ ರೀತಿಯಿಂದಲೇ ಬರುತ್ತದೆ. ಅದಕ್ಕೇ ಸಾಮಾನಿನಿಂದ ಶುರು ಮಾಡೋಣ.

ಒಂದೇ ಅಳತೆಯ ಎರಡು ಗಾಜಿನ ಲೋಟ, ಒಂದು ಸಪೂರ ಪಾತ್ರೆ, ಒಂದು ಅಗಲ ಬಟ್ಟಲು ಬೇಕು. ಎಲ್ಲವೂ ಪಾರದರ್ಶಕವಾಗಿರಲಿ. ಲೋಟದ ವ್ಯಾಸ 7 ಸೆಂ.ಮೀ., ಸಪೂರ ಪಾತ್ರೆಯ ವ್ಯಾಸ 3.5 ಸೆಂ.ಮೀ. ಇದ್ದರೆ, ಲೋಟದಲ್ಲಿ ಸುಮಾರು 3 ಸೆಂ.ಮೀ. ಇದ್ದ 120 ಮಿ.ಲೀ. ನೀರು ಸಪೂರ ಪಾತ್ರೆಯಲ್ಲಿ 12 ಸೆಂ.ಮೀ. ದಾಟುತ್ತದೆ. ವ್ಯತ್ಯಾಸ ಇಷ್ಟು ಎದ್ದು ಕಾಣಬೇಕು. ಒಂದೆರಡು ಸೆಂ.ಮೀ. ಮಾತ್ರ ಏರಿದರೆ ಮಗುವಿಗೆ ಮೋಸಹೋಗುವ ಅವಕಾಶವೇ ಇರುವುದಿಲ್ಲ, ಪ್ರಯೋಗ ಏನನ್ನೂ ಅಳೆಯುವುದಿಲ್ಲ. ವಿಜ್ಞಾನ ಕೊಠಡಿಯ ಅಳತೆ ಜಾಡಿ ಬೇಡ. ಅಂಕಿ ಓದಲು ಬರುವ ಮಗು ನೀರನ್ನು ಬಿಟ್ಟು ಗೆರೆ ನೋಡಿ ಉತ್ತರ ಕೊಡುತ್ತದೆ. ನೀರಿಗೆ ಎರಡು ಹನಿ ಬಣ್ಣ ಹಾಕಿದರೆ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ.

ಎರಡೂ ಲೋಟಕ್ಕೆ ನೀವು ನೀರು ತುಂಬಿ "ಸಮ ಇದೆ ನೋಡು" ಅನ್ನಬೇಡಿ. ಒಂದಕ್ಕೆ ತುಸು ಕಡಿಮೆ ಹಾಕಿ, ಮಗುವಿನ ಕೈಗೆ ಡ್ರಾಪರ್ ಕೊಟ್ಟು ಸಮ ಮಾಡಿಸಿ. "ಎರಡರಲ್ಲೂ ಅಷ್ಟಷ್ಟೇ ಇದೆ" ಎಂದು ಮಗು ತಾನಾಗಿ ಒಪ್ಪುವ ತನಕ ಮುಂದೆ ಹೋಗಬಾರದು. ಈ ಹೆಜ್ಜೆ ಬಿಟ್ಟುಹೋದ ವರದಿಯಲ್ಲಿ "ಸಪೂರದಲ್ಲಿ ಜಾಸ್ತಿ" ಎಂಬ ಉತ್ತರಕ್ಕೆ ಅರ್ಥವಿಲ್ಲ. ಮಗುವಿಗೆ ಮೊದಲಿಂದಲೇ ಹಾಗೆ ಅನಿಸಿದ್ದಿರಬಹುದು.

ಪ್ರಶ್ನೆಯ ಮಾತು ಬಹಳ ಮುಖ್ಯ. "ಎರಡೂ ಒಂದೇನಾ?" ಎಂದು ಕೇಳಬೇಡಿ. ಕನ್ನಡದಲ್ಲಿ "ಒಂದೇ" ಅಂದರೆ ಒಂದೇ ಬಗೆಯದು, ಒಂದೇ ಬಣ್ಣದ್ದು ಎಂದೂ ಆಗುತ್ತದೆ. ಎರಡರಲ್ಲೂ ಅದೇ ಬಣ್ಣದ ನೀರಿದೆ, ಮಗು ಹೌದು ಅನ್ನುತ್ತದೆ. "ಯಾವುದು ದೊಡ್ಡದು?" ಕೂಡ ಬೇಡ. ಪಾತ್ರೆಯ ಎತ್ತರ ಕೇಳುತ್ತಿದ್ದೀರಿ ಅಂತ ತಿಳಿದು ಸಪೂರದ್ದನ್ನು ತೋರಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಹೀಗೆ ಕೇಳಿ: "ಈ ನೀರು ನಿನಗೆ, ಆ ನೀರು ನನಗೆ. ಕುಡಿಯೋಕೆ ನಿನಗೆ ಜಾಸ್ತಿ ಇದೆಯಾ, ನನಗೆ ಜಾಸ್ತಿ ಇದೆಯಾ, ಇಲ್ಲಾ ಇಬ್ಬರಿಗೂ ಅಷ್ಟಷ್ಟೇ ಇದೆಯಾ?" ಮೂರು ಆಯ್ಕೆಗಳ ಕ್ರಮವನ್ನು ಮಗುವಿಂದ ಮಗುವಿಗೆ ಬದಲಿಸಿ. ಚಿಕ್ಕ ಮಕ್ಕಳು ಕೊನೆಯಲ್ಲಿ ಕೇಳಿದ್ದನ್ನೇ ಹೇಳಿಬಿಡುವುದುಂಟು.

ಇನ್ನು ಸುರಿಯುವುದು. ಮಗುವಿನ ಕಣ್ಣೆದುರೇ, ನಿಧಾನವಾಗಿ, ಲೋಟ ಪೂರ್ತಿ ಬಗ್ಗಿಸಿ ಕೊನೆ ಹನಿಯವರೆಗೆ. ಲೋಟದಲ್ಲಿ ಒಂದಿಷ್ಟು ಉಳಿದರೆ, ಮೇಜಿನ ಮೇಲೆ ಚೆಲ್ಲಿದರೆ, "ಕಡಿಮೆ ಆಯ್ತು" ಎಂಬುದೇ ಸರಿಯಾದ ಉತ್ತರವಾಗುತ್ತದೆ. ಅಂಥ ಸಲ ಬರೆದುಕೊಂಡು ಮತ್ತೆ ಮೊದಲಿಂದ ಮಾಡಿ. ಅದೇ ಪ್ರಶ್ನೆ ಕೇಳಿ. ಬಂದ ಉತ್ತರವನ್ನು ಮಗುವಿನ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದುಕೊಳ್ಳಿ.

ಆಮೇಲೆ ಕಾರಣ ಕೇಳಿ. ಸಂರಕ್ಷಣೆ ಬಂದ ಮಕ್ಕಳ ಕಾರಣ ಮೂರು ಬಗೆ. "ಏನೂ ಹಾಕಿಲ್ಲ, ಏನೂ ತೆಗೆದಿಲ್ಲ" ಎಂಬುದು ತಾದಾತ್ಮ್ಯ. "ಇದು ಎತ್ತರ ಇದೆ, ಆದ್ರೆ ಸಣ್ಣ ಇದೆ" ಎಂಬುದು ಪರಿಹಾರ, ಅಂದರೆ ಒಂದು ಅಳತೆ ಇನ್ನೊಂದನ್ನು ತೂಗಿಸುವುದು. "ವಾಪಸ್ ಅದಕ್ಕೇ ಸುರಿದ್ರೆ ಅಷ್ಟೇ ಬರತ್ತೆ" ಎಂಬುದು ಪ್ರತಿವರ್ತನೆ. ಒಂದು ಬಗೆ ಸಿಕ್ಕರೂ ಸಾಕು.

ಮೂರನೆಯದರಲ್ಲಿ ಒಂದು ಎಚ್ಚರ. "ವಾಪಸ್ ಸುರಿದರೆ ಎಲ್ಲಿಗೆ ಬರುತ್ತೆ? ಬೆರಳಿಟ್ಟು ತೋರಿಸು" ಅಂದರೆ ಎಷ್ಟೋ ಮಕ್ಕಳು ಸರಿಯಾದ ಜಾಗ ತೋರಿಸಿಯೂ "ಆದ್ರೆ ಈಗ ಇದರಲ್ಲೇ ಜಾಸ್ತಿ" ಅನ್ನುತ್ತಾರೆ. ನೀರು ಹಿಂದಿನ ಮಟ್ಟಕ್ಕೆ ಬರುತ್ತದೆ ಎಂದು ಗೊತ್ತಿರುವುದು ಬೇರೆ, ಅದೇ ಕಾರಣಕ್ಕೆ ಈಗಲೂ ಪ್ರಮಾಣ ಬದಲಾಗಿಲ್ಲ ಎಂದು ಕಾಣುವುದು ಬೇರೆ. ಪಿಯಾಜೆ ಈ ಎರಡನ್ನೂ ಬೇರ್ಪಡಿಸಿಯೇ ನೋಡಿದರು.

ಕಡೆಯದಾಗಿ ಎದುರುಮಾತು. ಸರಿ ಹೇಳಿದ ಮಗುವಿಗೆ: "ಇನ್ನೊಂದು ಮಗು ಇದರಲ್ಲೇ ಜಾಸ್ತಿ, ನೋಡಿ ಎಷ್ಟು ಮೇಲಿದೆ ಅಂತ ಹೇಳಬಹುದು. ಅದಕ್ಕೆ ಏನು ಹೇಳ್ತೀಯ?" ತಪ್ಪು ಹೇಳಿದ ಮಗುವಿಗೆ ಇದರ ಉಲ್ಟಾ. ಅಲ್ಲಾಡದೆ ನಿಂತು ಕಾರಣ ಕೊಟ್ಟರೆ ಸಂರಕ್ಷಣೆ ಇದೆ. ಅತ್ತಿತ್ತ ಓಲಾಡಿದರೆ ಸಂಕ್ರಮಣ ಸ್ಥಿತಿ. ಎದುರುಮಾತಿಗೂ ಬಗ್ಗದೆ ಮಟ್ಟವನ್ನೇ ನೋಡಿ "ಜಾಸ್ತಿ" ಅಂದರೆ ಇನ್ನೂ ಬಂದಿಲ್ಲ.

ನಿಮ್ಮ ಎರಡನೆಯ ಮಗು ಸಂಕ್ರಮಣದ್ದು, ಆದರೆ ಮತ್ತೆ ಕೇಳಿದ್ದು ಹೇಗೆ ಎಂಬುದರ ಮೇಲೆ ಇದು ನಿಲ್ಲುತ್ತದೆ. ಮೊದಲನೆಯದು, "ಅಷ್ಟೇ ಇದೆ, ಯಾಕೆ ಗೊತ್ತಿಲ್ಲ" ಅಂದದ್ದು, ಹಳೆಯ ವಿವಾದ. ಪಿಯಾಜೆಯ ಅಳತೆಯಲ್ಲಿ ಕಾರಣವಿಲ್ಲದ ಉತ್ತರ ಸಾಲದು. ಮಾತಿನ ಸಾಮರ್ಥ್ಯವನ್ನೂ ತರ್ಕವನ್ನೂ ಬೆರೆಸಬಾರದು, ಉತ್ತರ ಸರಿಯಿದ್ದರೆ ಸಾಕು ಎನ್ನುವ ಸಂಶೋಧಕರೂ ಇದ್ದಾರೆ. ವರದಿಯಲ್ಲಿ ಎರಡೂ ಅಂಕಣ ಇಡಿ: ತೀರ್ಪು ಸರಿಯೇ, ಕಾರಣ ಇದೆಯೇ. ಆಗ ಓದುವವರಿಗೆ ತಾವೇ ನೋಡಿಕೊಳ್ಳಲು ಆಗುತ್ತದೆ.

ಸಮ ಇರುವ ಎರಡು ಸಾಲಿನಲ್ಲಿ ಒಂದನ್ನು ಹರಡಿ ಯಾವುದರಲ್ಲಿ ಜಾಸ್ತಿ ಎಂದು ಕೇಳುವ ಸಂಖ್ಯೆಯ ಪ್ರಯೋಗಕ್ಕೆ ಆರಾರು ಹುಣಸೆಬೀಜ ಸಾಕು. ಮೂರು ನಾಲ್ಕು ಬೀಜವಾದರೆ ಎಣಿಸದೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹತ್ತು ಹನ್ನೆರಡಾದರೆ ಎಣಿಕೆಯ ತಪ್ಪು ಸೇರಿಕೊಳ್ಳುತ್ತದೆ. ಉಂಡೆಯ ಆಕಾರ ಬದಲಿಸಿ ಕೇಳುವ ಮಣ್ಣಿನ ಪ್ರಯೋಗಕ್ಕೆ ಚಪಾತಿ ಹಿಟ್ಟು ಬೇಡ, ಕೈಗೆ ಅಂಟಿ ನಿಜವಾಗಿಯೂ ಕಡಿಮೆಯಾಗುತ್ತದೆ.

ಎರಡನೇಪ್ರಶ್ನೆ:
ಮಣ್ಣಿನುಂಡೆ ಅವರು ಹೇಳಿದ ಕ್ರಮ ಸರಿಯಾಗಿದೆ. "ಮತ್ತೆ ಕೇಳಿದ್ದು" ಎಂಬಲ್ಲಿ ಇನ್ನಷ್ಟು ಹೇಳಬೇಕಾದ್ದಿದೆ.

ತರಗತಿಯಲ್ಲಿ ಶಿಕ್ಷಕರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲ ಉತ್ತರ ತಪ್ಪು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಪಿಯಾಜೆಯ ಕ್ರಮದಲ್ಲಿ ಸುರಿಯುವ ಮುಂಚೆ ಒಮ್ಮೆ, ಸುರಿದ ಮೇಲೆ ಒಮ್ಮೆ ಅದೇ ಪ್ರಶ್ನೆ ಬರುತ್ತದೆ. 1974ರಲ್ಲಿ ರೋಸ್ ಮತ್ತು ಬ್ಲಾಂಕ್ ಮೊದಲ ಪ್ರಶ್ನೆ ಕೈಬಿಟ್ಟು, ಬದಲಾವಣೆಯ ನಂತರ ಮಾತ್ರ ಕೇಳಿ ನೋಡಿದರು. ತಪ್ಪುಗಳು ಕಡಿಮೆಯಾದವು. 1984ರಲ್ಲಿ ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ 5ರಿಂದ 8 ವರ್ಷದ 252 ಮಕ್ಕಳಲ್ಲಿ ನೀರು, ಮಣ್ಣು, ಸಂಖ್ಯೆ ಮೂರನ್ನೂ ಪರೀಕ್ಷಿಸಿದಾಗಲೂ ಒಂದು ಸಲ ಮಾತ್ರ ಪ್ರಶ್ನೆ ಕೇಳಿಸಿಕೊಂಡವರೇ ಮುಂದಿದ್ದರು. ಆದರೆ ಅಲ್ಲೂ ದೊಡ್ಡ ಮಕ್ಕಳು ಚಿಕ್ಕವರಿಗಿಂತ ಮುಂದೆಯೇ ಇದ್ದರು, ಸಂಖ್ಯೆಯೇ ಮೂರರಲ್ಲಿ ಸುಲಭವಾಗಿತ್ತು. ಅಂದರೆ ಪ್ರಶ್ನೆ ಕೇಳುವ ರೀತಿಯಿಂದ ವಯಸ್ಸಿನ ಗಡಿ ಹಿಂದಕ್ಕೆ ಸರಿಯಿತು, ಬೆಳವಣಿಗೆಯ ಕ್ರಮ ಉಳಿಯಿತು. "ಪಿಯಾಜೆ ತಪ್ಪು ಎಂದು ಸಾಬೀತಾಗಿದೆ" ಅಂತ ಬರೆಯುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ, ಅದು ನ್ಯಾಯವಲ್ಲ.

ಎಡಿನ್‌ಬರೋದ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅವರ "ತುಂಟ ಕರಡಿ" ಪ್ರಯೋಗ ನಿಮ್ಮ ಪಠ್ಯದಲ್ಲೂ ಇರುತ್ತದೆ. ಅದು ಬಿಲ್ಲೆಗಳ ಸಾಲಿನ ಸಂಖ್ಯೆಯ ಪ್ರಯೋಗ. ದೊಡ್ಡವರು ಬೇಕೆಂದೇ ಸಾಲು ಕೆದರಿದರೆ ಮಗು ಅದಕ್ಕೆ ಏನೋ ಅರ್ಥವಿದೆ ಅಂದುಕೊಳ್ಳುತ್ತದೆ. ಗೊಂಬೆ ಕರಡಿ ಬಂದು ಕೆದರಿದರೆ ಹಾಗಿಲ್ಲ. 4ರಿಂದ 6 ವರ್ಷದ ಮಕ್ಕಳಲ್ಲಿ ಸರಿಯುತ್ತರ ಸುಮಾರು ಶೇ. 16 ಇದ್ದದ್ದು ಶೇ. 60 ದಾಟಿತು. ಆದರೆ ಕರಡಿ ನಿಜವಾಗಿ ಒಂದು ಬಿಲ್ಲೆ ಸೇರಿಸಿದಾಗ ಮಕ್ಕಳು ಅದನ್ನು ಗಮನಿಸುತ್ತಾರೆಯೇ ಎಂದು ನಂತರದವರು ನೋಡಿದಾಗ, ಕರಡಿಯ ಗದ್ದಲದಲ್ಲಿ ಗಮನವೇ ತಪ್ಪಿಹೋಗಬಹುದು ಎಂಬ ಸಂಶಯ ಎದ್ದಿತು. ಹಾಗಾಗಿ ಆ ಶೇ. 60ನ್ನು ಪೂರ್ತಿ ತಿಳಿವಳಿಕೆ ಅಂತ ಓದಬೇಡಿ.

"ಯಾಕೆ" ಎಂದು ಕೇಳುವುದಕ್ಕೂ ಒಂದು ಪಾಠವಿದೆ. ಸೆನೆಗಲ್‌ನ ವೋಲೋಫ್ ಮಕ್ಕಳ ಬಗ್ಗೆ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗದ ಮಕ್ಕಳಿಗೆ "ಜಾಸ್ತಿ ಇದೆ ಅಂತ ನಿನಗೆ ಯಾಕೆ ಅನಿಸುತ್ತದೆ?" ಅಂದರೆ ಮೌನ. "ಇದು ಯಾಕೆ ಹೀಗಿದೆ?" ಅಂದರೆ ಉತ್ತರ. ತನ್ನ ಅನಿಸಿಕೆಗೆ ಕಾರಣ ಕೊಡುವುದು ಶಾಲೆ ಕಲಿಸುವ ರೂಢಿ, ವಸ್ತುವಿನ ಬಗ್ಗೆ ಹೇಳುವುದು ಎಲ್ಲ ಮಕ್ಕಳಿಗೂ ಬರುತ್ತದೆ. ಅಲ್ಲಿನ ಕೆಲವು ಮಕ್ಕಳು "ನೀವು ಸುರಿದಿರಲ್ಲ, ಅದಕ್ಕೆ" ಎಂದಿದ್ದರು. ಮಕ್ಕಳೇ ಸುರಿದಾಗ ಸರಿಯುತ್ತರ ಹೆಚ್ಚಿತು. ನಿಮ್ಮ "ಗೊತ್ತಿಲ್ಲ" ಮಗುವಿಗೆ ಈ ಎರಡನ್ನೂ ಮಾಡಿ ನೋಡಿ: ಪ್ರಶ್ನೆಯನ್ನು ನೀರಿನ ಕಡೆ ತಿರುಗಿಸಿ, ಸುರಿಯುವ ಕೆಲಸ ಮಗುವಿಗೆ ಕೊಡಿ.

ಇನ್ನೂ ಒಂದು ಮಾತು. ಸುರಿದ ಮೇಲೆ "ಈಗ ಹೇಳು" ಅನ್ನಬೇಡಿ. ಆ "ಈಗ" ಸಾಕು, ಏನೋ ಬದಲಾಗಿದೆ ಅಂತ ಮಗುವಿಗೆ ಸುಳಿವು ಸಿಗಲು.

ಅಟ್ಟಣಿಗೆ:
ಸಿದ್ಧಾಂತ ಭಾಗದಲ್ಲಿ ವೈಗೋಟ್‌ಸ್ಕಿಯನ್ನೂ ಬರೆಯುತ್ತೀರಾದರೆ ಒಂದು ತಿದ್ದುಪಡಿ. ಸಮೀಪಸ್ಥ ವಿಕಾಸ ವಲಯ, ಅಂದರೆ ಮಗು ತಾನಾಗಿ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರ, ವೈಗೋಟ್‌ಸ್ಕಿಯದು. "ಸ್ಕ್ಯಾಫೋಲ್ಡಿಂಗ್" (ಅಟ್ಟಣಿಗೆಯಂತೆ ಬೇಕಾದಷ್ಟೇ ನೆರವು ಕೊಟ್ಟು ಹಿಂದೆ ಸರಿಯುವುದು) ಎಂಬ ಪದ ಅವರದಲ್ಲ. ಅವರು ಕ್ಷಯದಿಂದ 1934ರಲ್ಲಿ, 37ನೇ ವಯಸ್ಸಿನಲ್ಲೇ ತೀರಿಕೊಂಡರು. ಆ ಪದ ಬಂದದ್ದು 1976ರಲ್ಲಿ, ವುಡ್, ಬ್ರೂನರ್ ಮತ್ತು ರಾಸ್ ಬರೆದ ಲೇಖನದಲ್ಲಿ. 3, 4, 5 ವರ್ಷದ 30 ಮಕ್ಕಳು 21 ಮರದ ತುಂಡುಗಳಿಂದ ಗೋಪುರ ಕಟ್ಟುವಾಗ ಕಲಿಸುವವರು ಯಾವಾಗ ಕೈಜೋಡಿಸುತ್ತಾರೆ, ಯಾವಾಗ ಹಿಂದೆ ಸರಿಯುತ್ತಾರೆ ಎಂದು ಅಲ್ಲಿ ನೋಡಿದ್ದರು. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಗೈಡುಗಳಲ್ಲಿ ಇವೆರಡೂ ಒಂದೇ ಹೆಸರಿನಡಿ ಇರುತ್ತವೆ. ಪರೀಕ್ಷೆಗೆ ಹೇಗೋ ನಡೆಯುತ್ತದೆ, ವರದಿಯಲ್ಲಿ ಬೇಡ.

ಇಳಿಹೊತ್ತು:
ಎರಡನೇ ಮತ್ತು ಮೂರನೇ ಪ್ರಶ್ನೆಗೆ.

ವಯಸ್ಸಿನ ಅಂಕಿಗಳಲ್ಲಿ ಯಾವುದು ಸರಿ ಎಂಬ ಹುಡುಕಾಟವನ್ನೇ ಬಿಡಿ. ಎರಿಕ್‌ಸನ್ 1950ರ ಪುಸ್ತಕದಲ್ಲಿ ಎಂಟು ಹಂತಗಳನ್ನು ಪಟ್ಟಿ ಮಾಡಿದಾಗ ಅಂಚಿನಲ್ಲಿ ಬರೆದದ್ದು ವರ್ಷಗಳನ್ನಲ್ಲ. ಮೊದಲ ನಾಲ್ಕಕ್ಕೆ ಫ್ರಾಯ್ಡ್‌ರ ದೇಹಾಧಾರಿತ ಹಂತಗಳ ಹೆಸರು, ನಂತರ ಹರೆಯ, ಎಳೆ ಯೌವನ, ಪ್ರೌಢಾವಸ್ಥೆ, ಪಕ್ವತೆ. ಪಠ್ಯಗಳಲ್ಲಿರುವ 6–12, 18–40 ಮುಂತಾದ ಅಂಕಿಗಳು ಬಹುಪಾಲು ಪಠ್ಯ ಬರೆದವರ ಅನುಕೂಲಕ್ಕೆ ಬಂದವು. ವರದಿಯಲ್ಲಿ ನಿಮ್ಮ ಕಾಲೇಜಿನ ಪುಸ್ತಕದ ಅಂಕಿ ಹಾಕಿ "ಅಂದಾಜು" ಎಂದು ಸೇರಿಸಿ, ಮುಂದೆ ಹೋಗಿ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಪ್ರತಿ ಹಂತದಲ್ಲೂ ಎರಡು ಎದುರುಬದುರು ಭಾವಗಳಿವೆ, ಮೊದಲನೆಯದರಲ್ಲಿ ನಂಬಿಕೆ ಮತ್ತು ಅಪನಂಬಿಕೆ. ಅದನ್ನು "ನಂಬಿಕೆ ಗೆದ್ದರೆ ಪಾಸು, ಅಪನಂಬಿಕೆ ಬಂದರೆ ಫೇಲು" ಎಂದು ಓದುವುದು. ಎರಿಕ್‌ಸನ್ ಹೇಳಿದ್ದು ಎರಡರ ಅನುಪಾತ. ಯಾರನ್ನೂ ಅನುಮಾನಿಸಲು ಬಾರದ ಮಗು ಬದುಕಲಾರದು. ಸಮತೋಲ ಒಳ್ಳೆಯ ಕಡೆಗೆ ವಾಲಿದಾಗ ಹುಟ್ಟುವ ಶಕ್ತಿಗೆ ಅವರು ಹೆಸರಿಟ್ಟಿದ್ದಾರೆ: ಮೊದಲ ಹಂತದಲ್ಲಿ ಭರವಸೆ, ಏಳನೆಯದರಲ್ಲಿ ಕಾಳಜಿ, ಎಂಟನೆಯದರಲ್ಲಿ ವಿವೇಕ. ಇದನ್ನು ಹಿಡಿದುಕೊಂಡರೆ ಹಿರಿಯರ ಸಂದರ್ಶನವೂ ಹದಕ್ಕೆ ಬರುತ್ತದೆ. ಪಶ್ಚಾತ್ತಾಪದ ಒಂದು ಮಾತು ಕೇಳಿದ ತಕ್ಷಣ "ಹತಾಶೆ" ಅಂತ ಗುರುತು ಹಾಕಬೇಡಿ. ಪಶ್ಚಾತ್ತಾಪವನ್ನೂ ಒಳಗೆ ಸೇರಿಸಿಕೊಂಡು "ಇದು ನನ್ನ ಬದುಕು, ಹೀಗೇ ಆಯಿತು" ಎನ್ನುವುದೇ ಸಮಗ್ರತೆ. ಏನೂ ಬೇಸರವೇ ಇಲ್ಲ ಎಂದು ಪಟಪಟನೆ ಹೇಳಿ ಮಾತು ಮುಗಿಸುವವರನ್ನು ಸಮಗ್ರತೆಗೆ ಸೇರಿಸುವ ಮುನ್ನ ಇನ್ನೊಂದು ಸಲ ಯೋಚಿಸಿ.

ಒಂದೇ ಸಲ ಎರಡು ಗಂಟೆ ಕೂರಿಸಬೇಡಿ. 40–45 ನಿಮಿಷದ ಎರಡು ಭೇಟಿ ಸಾಕು, ನಡುವೆ ಎರಡು ಮೂರು ದಿನ ಇರಲಿ. ಮೊದಲ ದಿನ ತೆರೆದ ಪ್ರಶ್ನೆ: "ನಿಮ್ಮ ಬದುಕನ್ನು ಪುಸ್ತಕ ಅಂದುಕೊಂಡರೆ ಯಾವ ಯಾವ ಅಧ್ಯಾಯ ಮಾಡ್ತೀರಿ?" ಎರಡನೇ ದಿನ ನಿರ್ದಿಷ್ಟ ಪ್ರಶ್ನೆಗಳು: ತಿರುವು ಕೊಟ್ಟ ನಿರ್ಧಾರ ಯಾವುದು, ಮತ್ತೆ ಅವಕಾಶ ಸಿಕ್ಕರೆ ಏನು ಬದಲಿಸುತ್ತಾರೆ, ಚಿಕ್ಕವರಿಗೆ ಏನು ದಾಟಿಸಬೇಕು ಅನಿಸುತ್ತದೆ. ಈ ಕೊನೆಯ ಪ್ರಶ್ನೆಗೆ ಏಳನೇ ಹಂತದ, ಅಂದರೆ ಮುಂದಿನ ಪೀಳಿಗೆಯ ಕಾಳಜಿಯ, ಉತ್ತರ ಬರುತ್ತದೆ, ಬರಲಿ. ಹಂತಗಳು ಒಂದರಮೇಲೊಂದು ಹರಿಯುತ್ತವೆ. ಮನೆಯವರು ಪಕ್ಕದಲ್ಲಿ ಕೂತಿದ್ದರೆ ಉತ್ತರ ಬದಲಾಗುತ್ತದೆ, ಆ ಸಂಗತಿಯನ್ನೂ ವರದಿಯಲ್ಲಿ ಬರೆಯಿರಿ. ಇತ್ತೀಚೆಗೆ ಸಂಗಾತಿಯನ್ನು ಕಳೆದುಕೊಂಡವರಾದರೆ ನೀವು ಕಾಣುವುದು ಶೋಕ, ಎಂಟನೇ ಹಂತವಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಊಟ ಬಿಟ್ಟು ಮಂಕಾಗಿದ್ದರೆ ಅದು ಖಿನ್ನತೆಯಿರಬಹುದು. ಸಂದರ್ಶನ ನಿಲ್ಲಿಸಿ, ಮನೆಯವರಿಗೆ ತಿಳಿಸಿ, ವೈದ್ಯರಿಗೆ ತೋರಿಸಲು ಹೇಳಿ. ಸರ್ಕಾರದ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಭಾರತದ ಹಿರಿಯರಿಗೆ ಈ ಸಿದ್ಧಾಂತ ಹೊಂದುತ್ತದೆಯೇ ಎಂದು ಪರೀಕ್ಷಕರು ಕೇಳಬಹುದು. ಗಾಂಧಿಯವರ ಕುರಿತು 1969ರಲ್ಲಿ ಪುಸ್ತಕ ಬರೆದ ಎರಿಕ್‌ಸನ್ ಅದಕ್ಕಾಗಿ ಅಹಮದಾಬಾದಿನವರೆಗೂ ಬಂದು ಕೆಲಸ ಮಾಡಿದ್ದರು. ಅವರ ಜೊತೆ ಕೆಲಸ ಮಾಡಿದ ಸುಧೀರ್ ಕಾಕರ್ ನಾಲ್ಕು ಆಶ್ರಮಗಳನ್ನೂ ಎಂಟು ಹಂತಗಳನ್ನೂ ಅಕ್ಕಪಕ್ಕ ಇಟ್ಟು 1968ರಲ್ಲೇ ಬರೆದಿದ್ದಾರೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ಆಶ್ರಮ ವ್ಯವಸ್ಥೆ ಹೇಗೆ ಬಾಳಬೇಕು ಎಂದು ಹೇಳುತ್ತದೆ, ಎರಿಕ್‌ಸನ್ ಹೇಗೆ ಬೆಳೆಯುತ್ತಾರೆ ಎಂದು ಹೇಳಲು ಹೊರಟವರು.

ಬುದ್ಧಿಶಕ್ತಿ ಕುಗ್ಗುತ್ತದೆ ಎಂದು ಹಾಗೇ ಬರೆಯಬೇಡಿ. ಮನೋವಿಜ್ಞಾನಿ ವಾರ್ನರ್ ಶಾಯಿ 1956ರಲ್ಲಿ ಸಿಯಾಟಲ್‌ನಲ್ಲಿ 500 ಜನರಿಂದ ಶುರು ಮಾಡಿ, ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಪರೀಕ್ಷಿಸುತ್ತ, ಹೊಸಬರನ್ನೂ ಸೇರಿಸುತ್ತ ಹೋದರು. ಒಂದೇ ದಿನ 25ರವರನ್ನೂ 65ರವರನ್ನೂ ಹೋಲಿಸಿದಾಗ ಇಳಿಕೆ ಯೌವನದಲ್ಲೇ ಶುರುವಾದಂತೆ ಕಂಡಿತು. ಅದೇ ವ್ಯಕ್ತಿಗಳನ್ನು ಹಿಂಬಾಲಿಸಿದಾಗ ಹೆಚ್ಚಿನ ಸಾಮರ್ಥ್ಯಗಳು ಸುಮಾರು 60ರವರೆಗೆ ನಿಂತೇ ಇದ್ದವು. ವ್ಯತ್ಯಾಸಕ್ಕೆ ಕಾರಣ ಪೀಳಿಗೆ. ಹಿಂದಿನವರಿಗೆ ಶಾಲೆ ಕಡಿಮೆ ಸಿಕ್ಕಿತ್ತು. ನಮ್ಮಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟ ಅಜ್ಜಿಯನ್ನೂ ಪದವಿ ಓದುವ ಮೊಮ್ಮಗಳನ್ನೂ ಒಂದೇ ಪರೀಕ್ಷೆಯಲ್ಲಿ ಹೋಲಿಸಿ ವ್ಯತ್ಯಾಸವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದರೆ ಅದೇ ತಪ್ಪು. ಹಿಂಬಾಲಿಸುವ ಅಧ್ಯಯನಕ್ಕೂ ದೋಷವಿದೆ: ಕಾಯಿಲೆಯವರು ನಡುವೆ ಬಿಟ್ಟುಹೋಗುತ್ತಾರೆ, ಉಳಿದವರಿಗೆ ಪರೀಕ್ಷೆ ರೂಢಿಯಾಗುತ್ತದೆ, ಹಾಗಾಗಿ ಚಿತ್ರ ಇದ್ದದ್ದಕ್ಕಿಂತ ಚೆನ್ನಾಗಿ ಕಾಣಬಹುದು. ಎಲ್ಲ ಸಾಮರ್ಥ್ಯಗಳೂ ಒಟ್ಟಿಗೆ ಇಳಿಯುವುದಿಲ್ಲ. ವೇಗ ಮೊದಲು ಹೋಗುತ್ತದೆ, ಪದಸಂಪತ್ತು ಬಹುಕಾಲ ಉಳಿಯುತ್ತದೆ.

ಮನೋವಿಜ್ಞಾನಿ ಪಾಲ್ ಬಾಲ್ಟೆಸ್ ಇದನ್ನೇ ಮುಂದಕ್ಕೆ ಒಯ್ದು, ಯಾವ ವಯಸ್ಸಿನಲ್ಲೂ ಗಳಿಕೆ ನಷ್ಟ ಎರಡೂ ಇರುತ್ತವೆ ಎಂದರು. ಅವರ ಮಾದರಿಯಲ್ಲಿ ಮೂರು ಕೆಲಸ: ಆಯ್ಕೆ, ಉತ್ತಮೀಕರಣ, ಸರಿದೂಗಿಸುವಿಕೆ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಇಳಿವಯಸ್ಸಿನಲ್ಲಿ ಕಡಿಮೆ ಕೃತಿಗಳನ್ನು ಆರಿಸಿಕೊಂಡು, ಅವನ್ನೇ ಹೆಚ್ಚು ಅಭ್ಯಾಸ ಮಾಡಿ, ವೇಗದ ಭಾಗಕ್ಕೆ ಮುಂಚೆ ತುಸು ನಿಧಾನಿಸಿ ಆ ವೇಗ ಎದ್ದುಕಾಣುವಂತೆ ನುಡಿಸುತ್ತಿದ್ದರು ಎಂಬುದು ಅವರು ಕೊಡುತ್ತಿದ್ದ ಉದಾಹರಣೆ. ನೀವು ಸಂದರ್ಶಿಸುವವರಲ್ಲೂ ಈ ಮೂರನ್ನು ಹುಡುಕಿ. ಯಾವ ಕೆಲಸ ಬಿಟ್ಟರು, ಯಾವುದಕ್ಕೆ ಸಮಯ ಹೆಚ್ಚಿಸಿದರು, ಯಾವುದನ್ನು ಬೇರೆ ದಾರಿಯಿಂದ ಮಾಡುತ್ತಾರೆ. ಎಂಟನೇ ಹಂತಕ್ಕಿಂತ ಇದಕ್ಕೆ ಸಾಕ್ಷ್ಯ ಸುಲಭವಾಗಿ ಸಿಗುತ್ತದೆ.

ಹೊಸಚಿಗುರು:
ತುಂಬಾ ಉಪಕಾರವಾಯಿತು. ಒಂದೇ ಒಂದು ಉಳಿಯಿತು. ನೀರಿನಲ್ಲಿ ಸರಿ ಹೇಳಿದ ಮಗುವನ್ನು "ಮೂರ್ತ ಕಾರ್ಯ ಹಂತದಲ್ಲಿದೆ" (ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕಿಸಬಲ್ಲ, ಪಿಯಾಜೆ ಹೇಳಿದ ಹಂತ) ಎಂದು ಬರೆಯಬಹುದಲ್ಲವೇ?

ಮಣ್ಣಿನುಂಡೆ:
ಬೇಡ. ಅದೇ ಮಗುವಿಗೆ ಮಣ್ಣಿನ ಉಂಡೆಯನ್ನು ಹಾವಿನಂತೆ ಹೊಸೆದು ತೂಕ ಕೇಳಿದರೆ ತಪ್ಪು ಹೇಳಬಹುದು. ಪಿಯಾಜೆಯ ಲೆಕ್ಕದಲ್ಲೇ ಸಂಖ್ಯೆ ಸುಮಾರು 6ಕ್ಕೆ, ಪ್ರಮಾಣ 7–8ಕ್ಕೆ, ತೂಕ 9–10ಕ್ಕೆ, ಘನಗಾತ್ರ 11–12ಕ್ಕೆ ಬರುತ್ತದೆ. ತರ್ಕ ಒಂದೇ ಆದರೂ ವಸ್ತು ಬದಲಾದಂತೆ ವರ್ಷಗಟ್ಟಲೆ ಅಂತರ. ಅಭ್ಯಾಸವೂ ಸೇರಿಕೊಳ್ಳುತ್ತದೆ. ಮೆಕ್ಸಿಕೋದಲ್ಲಿ ಮಡಕೆ ಮಾಡುವ ಮನೆಗಳ ಮಕ್ಕಳು ಮಣ್ಣಿನ ಪ್ರಯೋಗದಲ್ಲಿ ಬೇರೆ ಮಕ್ಕಳಿಗಿಂತ ಮುಂದಿದ್ದರು ಎಂಬುದು 1969ರ ಅಧ್ಯಯನ. ನಿಮ್ಮ ಆರು ಮಕ್ಕಳಲ್ಲಿ ಯಾರದ್ದಾದರೂ ಮನೆಯಲ್ಲಿ ಕುಂಬಾರಿಕೆಯೋ ಹಾಲಿನ ಅಳತೆ ವ್ಯಾಪಾರವೋ ಇದ್ದರೆ ಅದನ್ನು ವಿವರದಲ್ಲಿ ಬರೆಯಿರಿ.

"ಈ ಮಗು ದ್ರವದ ಪ್ರಯೋಗದಲ್ಲಿ ಸಂರಕ್ಷಣೆ ತೋರಿಸಿತು, ಕಾರಣ ತಾದಾತ್ಮ್ಯ" ಎಂದಷ್ಟೇ ಬರೆಯಿರಿ. ಆರು ಮಕ್ಕಳಿಂದ ಶೇಕಡಾವಾರು ತೆಗೆಯಬೇಡಿ, "ಆರರಲ್ಲಿ ಮೂವರು" ಎನ್ನಿ. ಹೆಸರಿನ ಬದಲು ಮ1, ಮ2 ಅಂತ ಹಾಕಿ, ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಕೊಡಿ. 6 ವರ್ಷ 1 ತಿಂಗಳಿಗೂ 6 ವರ್ಷ 11 ತಿಂಗಳಿಗೂ ಇಲ್ಲಿ ಬಹಳ ವ್ಯತ್ಯಾಸ. ಪೋಷಕರ ಮತ್ತು ಮುಖ್ಯ ಶಿಕ್ಷಕರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು, 15–20 ನಿಮಿಷದೊಳಗೆ ಮುಗಿಸಿ. ಮುಗಿಸಿದ ಮಗು ಕಾಯುತ್ತಿರುವವರ ಜೊತೆ ಸೇರದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ನಾಲ್ಕನೇ ಮಗುವಿನಿಂದಾಚೆಗೆ ಬರುವುದೆಲ್ಲ ಮೂರನೇ ಮಗುವಿನ ಉತ್ತರ.